ಬಿಸಿನೀರಿನ ಬುಗ್ಗೆ, ಬಿಳಿ ಜೇಡಿಮಣ್ಣು ಮತ್ತು ಡಬ್ಬಿಯ ಮೇಲಿನ ಮಾತು

ನೆಲದಿಂದ ಬರುವ ಬಿಸಿನೀರು, ಜೇಡಿಮಣ್ಣು ನಮ್ಮ ಮೈಗೆ ನಿಜವಾಗಿ ಏನು ಮಾಡುತ್ತವೆ? ಸ್ಪಾಗಳಲ್ಲಿ ಹೇಳುವ ಮಾತು, ಫೇಸ್‌ಪ್ಯಾಕ್ ಡಬ್ಬಿಯ ಮೇಲೆ ಬರೆದಿರುವ ಮಾತು ಎಷ್ಟು ನಿಜ? ಇವತ್ತಿನ ಸಂಚಿಕೆ ಇದರ ಬಗ್ಗೆ.

ಮೊದಲು ನೀರು. ಅಟ್ಲಾಂಟಾದಿಂದ ನೈಋತ್ಯಕ್ಕೆ ಒಂದೂವರೆ ಗಂಟೆ ಕಾರಿನಲ್ಲಿ ಹೋದರೆ ವಾರ್ಮ್ ಸ್ಪ್ರಿಂಗ್ಸ್ ಎಂಬ ಪುಟ್ಟ ಊರು ಸಿಗುತ್ತದೆ. ಅಲ್ಲಿನ ಬುಗ್ಗೆಯ ನೀರು ಸುಮಾರು 31 ಡಿಗ್ರಿ ಸೆಲ್ಸಿಯಸ್. ಹತ್ತಿರದಲ್ಲಿ ಜ್ವಾಲಾಮುಖಿ ಇಲ್ಲ. ಪೈನ್ ಮೌಂಟನ್ ಮೇಲೆ ಬಿದ್ದ ಮಳೆನೀರು ಬಂಡೆಗಳ ನಡುವೆ ಸುಮಾರು ಒಂದು ಕಿಲೋಮೀಟರ್ ಆಳಕ್ಕೆ ಇಳಿದು, ಭೂಮಿಯೊಳಗಿನ ಶಾಖಕ್ಕೆ ಬೆಚ್ಚಗಾಗಿ ಮತ್ತೆ ಮೇಲೆ ಬರುತ್ತದೆ. ನಮ್ಮ ಪುತ್ತೂರಿನ ಹತ್ತಿರ ಇರ್ದೆಯಲ್ಲಿ ಬೆಂದ್ರ್ ತೀರ್ಥ ಇದೆಯಲ್ಲ, ಅದೂ ಬಿಸಿನೀರಿನ ಬುಗ್ಗೆಯೇ. ತುಳುವಿನಲ್ಲಿ ಬೆಂದ್ರ್ ಅಂದರೆ ಬಿಸಿನೀರು.

1921ರಲ್ಲಿ ಕಾಲಿನ ಶಕ್ತಿ ಕಳೆದುಕೊಂಡ ಫ್ರಾಂಕ್ಲಿನ್ ರೂಸ್‌ವೆಲ್ಟ್, 1924ರಲ್ಲಿ ವಾರ್ಮ್ ಸ್ಪ್ರಿಂಗ್ಸ್‌ಗೆ ಬಂದರು. ವೈದ್ಯರು ಅವರ ಕಾಯಿಲೆಯನ್ನು ಪೋಲಿಯೊ ಎಂದಿದ್ದರು. ನೀರಿನಲ್ಲಿ ಅವರ ಕಾಲು ಆಡತೊಡಗಿತು. ಹಾಗಾದರೆ ಆ ನೀರಿನಲ್ಲಿ ಔಷಧಿ ಇತ್ತಾ? ಇಲ್ಲ. ಪೋಲಿಯೊ ವೈರಸ್ ಬೆನ್ನುಹುರಿಯಲ್ಲಿರುವ, ಸ್ನಾಯುಗಳನ್ನು ಆಡಿಸುವ ನರಕೋಶಗಳನ್ನು ಕೊಲ್ಲುತ್ತದೆ. ಸತ್ತ ನರಕೋಶವನ್ನು ಯಾವ ಖನಿಜವೂ ಬದುಕಿಸಲಾರದು. ಆದರೆ ಕುತ್ತಿಗೆವರೆಗೆ ನೀರಿನಲ್ಲಿ ನಿಂತಾಗ ಕಾಲಿನ ಮೇಲೆ ಬೀಳುವ ಭಾರ ಸುಮಾರು ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಉಳಿದಿರುವ ಸ್ವಲ್ಪ ಸ್ನಾಯುವೂ ಆಗ ಕೆಲಸ ಮಾಡಬಲ್ಲದು. ನೀರು ಬೆಚ್ಚಗಿರುವುದರಿಂದ ಚಳಿಯಾಗದೆ ತುಂಬಾ ಹೊತ್ತು ವ್ಯಾಯಾಮ ಮಾಡಬಹುದು. ಅಂದರೆ ಪ್ರಯೋಜನ ನಿಜ, ಕಾರಣ ಮಾತ್ರ ಬೇರೆ.

ರೂಸ್‌ವೆಲ್ಟ್ 1927ರಲ್ಲಿ ಅಲ್ಲೊಂದು ಚಿಕಿತ್ಸಾ ಪ್ರತಿಷ್ಠಾನ ಕಟ್ಟಿದರು. 1938ರಲ್ಲಿ ಅವರು ಶುರುಮಾಡಿದ ರಾಷ್ಟ್ರೀಯ ಪ್ರತಿಷ್ಠಾನ ಜನರಿಂದ ಪುಡಿಗಾಸು ಕೂಡಿಸಿ ಸಂಶೋಧನೆಗೆ ಕೊಟ್ಟಿತು. ಜೋನಾಸ್ ಸಾಲ್ಕ್ ಅವರ ಲಸಿಕೆ ಯಶಸ್ವಿ ಎಂದು ಘೋಷಣೆಯಾದದ್ದು 1955ರ ಏಪ್ರಿಲ್ 12ರಂದು. ವಾರ್ಮ್ ಸ್ಪ್ರಿಂಗ್ಸ್‌ನಲ್ಲೇ ರೂಸ್‌ವೆಲ್ಟ್ ತೀರಿಕೊಂಡು ಅವತ್ತಿಗೆ ಸರಿಯಾಗಿ ಹತ್ತು ವರ್ಷ. ಪೋಲಿಯೊವನ್ನು ತಡೆದದ್ದು ಬುಗ್ಗೆಯಲ್ಲ, ಲಸಿಕೆ.

ಈಗ ಮಣ್ಣು. ಅದೇ ಜಾರ್ಜಿಯಾದ ನಡುಭಾಗದಲ್ಲಿ, ಸ್ಯಾಂಡರ್ಸ್‌ವಿಲ್ ಸುತ್ತಮುತ್ತ ಕೆಯೊಲಿನ್ ಎಂಬ ಬಿಳಿ ಜೇಡಿಮಣ್ಣಿನ ದೊಡ್ಡ ಗಣಿಗಳಿವೆ. ನುಣುಪು ಕಾಗದಕ್ಕೆ, ಪಿಂಗಾಣಿಗೆ, ಹಾಗೇ ಫೇಸ್‌ಪ್ಯಾಕ್, ಪೌಡರ್‌ಗಳಿಗೆ ಕೆಯೊಲಿನ್ ಬೇಕು. ಇದರ ಕಣಗಳು ತೆಳ್ಳನೆಯ ಹಾಳೆಗಳ ಹಾಗಿರುತ್ತವೆ. ಚರ್ಮದ ಮೇಲಿನ ಎಣ್ಣೆಯಂಶ ಅವಕ್ಕೆ ಅಂಟಿಕೊಳ್ಳುತ್ತದೆ, ತೊಳೆದಾಗ ಜೊತೆಗೇ ಹೋಗುತ್ತದೆ. ಮುಲ್ತಾನಿ ಮಿಟ್ಟಿ ಮಾಡುವುದೂ ಹೆಚ್ಚುಕಡಿಮೆ ಇದೇ ಕೆಲಸ. ಆದರೆ 'ದೇಹದ ವಿಷ ಹೀರುತ್ತದೆ' ಅಂತ ಬರೆದಿದ್ದರೆ ನಂಬಬೇಡಿ. ಆ ಕೆಲಸಕ್ಕೆ ನಮಗೆ ಯಕೃತ್ತು, ಮೂತ್ರಪಿಂಡ ಇವೆ.

ಈ ವ್ಯತ್ಯಾಸವನ್ನು ಕಾನೂನಿಗೆ ತಂದವರೂ ರೂಸ್‌ವೆಲ್ಟೇ. ರೆಪ್ಪೆಗೆ ಹಚ್ಚುವ ಲ್ಯಾಶ್ ಲೂರ್ ಎಂಬ ಬಣ್ಣದಿಂದ 1930ರ ದಶಕದಲ್ಲಿ ಹೆಂಗಸರು ಕಣ್ಣು ಕಳೆದುಕೊಂಡರೂ ಸರ್ಕಾರಕ್ಕೆ ಅದನ್ನು ತಡೆಯುವ ಅಧಿಕಾರ ಇರಲಿಲ್ಲ. 1938ರ ಜೂನ್‌ನಲ್ಲಿ ಅವರು ಸಹಿ ಹಾಕಿದ ಕಾಯ್ದೆಯಿಂದ ಸೌಂದರ್ಯವರ್ಧಕಗಳು ಮೊದಲ ಸಲ ಕೇಂದ್ರ ಸರ್ಕಾರದ ನಿಯಂತ್ರಣಕ್ಕೆ ಬಂದವು. ಅದರ ಪ್ರಕಾರ ಅಂದ ಹೆಚ್ಚಿಸುತ್ತದೆ ಅಂದರೆ ಸೌಂದರ್ಯವರ್ಧಕ, ರೋಗ ಗುಣಪಡಿಸುತ್ತದೆ ಅಂದರೆ ಔಷಧಿ. ಹೊಸ ಔಷಧಿಗೆ ಮಾರಾಟಕ್ಕೆ ಮುಂಚೆ ಎಫ್‌ಡಿಎ ಒಪ್ಪಿಗೆ ಬೇಕು. ಕ್ರೀಮು, ಫೇಸ್‌ಪ್ಯಾಕ್‌ಗಳಿಗೆ, ಅವುಗಳಲ್ಲಿರುವ ಬಣ್ಣಗಳನ್ನು ಬಿಟ್ಟರೆ, ಬೇಕಿಲ್ಲ. 2022ರ ಹೊಸ ಕಾಯ್ದೆಯ ನಂತರ ಕಂಪನಿಗಳು ಗಂಭೀರ ತೊಂದರೆಗಳನ್ನು ವರದಿ ಮಾಡಲೇಬೇಕು. ಆದರೂ ಮುಂಚಿತ ಒಪ್ಪಿಗೆ ಬೇಕೆಂದೇನೂ ಆಗಿಲ್ಲ.

ಇದು ನಮ್ಮ ಮನೆಗಳಿಗೂ ತಟ್ಟುವ ವಿಷಯ. ಮಣ್ಣಿನಲ್ಲಿ ಸೀಸವೂ ಸಹಜವಾಗಿ ಇರಬಹುದು. ಊರಿಂದ ತರುವ ಕೆಲವು ಕಾಡಿಗೆ, ಸುರ್ಮಾಗಳಲ್ಲಂತೂ ಸೀಸ ಸಿಕ್ಕಿದೆ. ಎಫ್‌ಡಿಎ ಅವುಗಳ ಮಾರಾಟಕ್ಕೆ ಅನುಮತಿ ಕೊಡುವುದಿಲ್ಲ. ಮಗು ಕಣ್ಣುಜ್ಜಿ ಬೆರಳು ಬಾಯಿಗೆ ಹಾಕುತ್ತದೆ, ಸೀಸ ಅದರ ಬೆಳೆಯುವ ಮಿದುಳಿಗೆ ಕುತ್ತು. ಈಗಾಗಲೇ ಹಚ್ಚುತ್ತಿದ್ದರೆ ನಿಲ್ಲಿಸಿ, ಮಕ್ಕಳ ಡಾಕ್ಟರಿಗೆ ಹೇಳಿ. ಸೀಸ ಇದೆಯಾ ಅಂತ ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ.

ಬಿಸಿನೀರಿನಲ್ಲಿ ಖಂಡಿತ ಮೀಯಿರಿ, ಮುಖಕ್ಕೆ ಮಣ್ಣೂ ಹಚ್ಚಿ. ಡಬ್ಬಿ ಕೊಳ್ಳುವಾಗ ಮಾತ್ರ 'ನೈಸರ್ಗಿಕ' ಅನ್ನುವ ದೊಡ್ಡಕ್ಷರ ಬಿಟ್ಟು, ಹಿಂದಿರುವ ಸಣ್ಣಕ್ಷರ ಓದಿ. ಪ್ರಶ್ನೆಗಳಿದ್ದರೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.