ಅಡಗೂಲಜ್ಜಿಯ ಕಾಡಿಗೆ ಜೀರ್ಣೋದ್ಧಾರ

ಹೆಸರಿನಲ್ಲಿ ಉತ್ತರವಿದ್ದರೂ ನೆದರ್ಲೆಂಡ್ಸ್ ದೇಶದ ದಕ್ಷಿಣದಲ್ಲಿರುವ ಉತ್ತರ ಬ್ರಬಾಂಟ್ ಪ್ರಾಂತದಲ್ಲಿ, ಕಾಟ್ಸ್‌ಹ್ಯೂವೆಲ್ ಎಂಬ ಗ್ರಾಮದ ಅಂಚಿನ ಮರಗಳ ನೆರಳಿನಲ್ಲಿ, ಒಬ್ಬ ಹೊಟ್ಟೆಬಾಕ ಕುಳಿತಿದ್ದಾನೆ. ಮುಖ ಕುಂಬಳಕಾಯಿಯಂತೆ ಉರುಟು. ಬಾಯಿ ಸದಾ ತೆರೆದದ್ದು. ‘ಪಾಪೀರ್ ಹೀರ್’, ಎಂದರೆ ‘ಕಾಗದ ಇತ್ತ’ ಎಂದು ಬೆಳಗಿನಿಂದ ಸಂಜೆಯವರೆಗೆ ಕೂಗುವುದೇ ಅವನ ಕಾಯಕ. ಮಿಠಾಯಿಯ ಹೊದಿಕೆಯನ್ನು ಮಗುವೊಂದು ಅಳುಕುತ್ತ ಅವನ ತುಟಿಯ ಬಳಿಗೆ ಒಯ್ದರೆ, ಒಳಗಿನಿಂದ ಎಳೆಯುವ ಗಾಳಿ ಅದನ್ನು ಗಬಕ್ಕನೆ ಸೆಳೆದುಕೊಳ್ಳುವುದು. ಮರುಕ್ಷಣವೇ ಅವನು ಮರ್ಯಾದೆ ತಪ್ಪದೆ ವಂದನೆ ಹೇಳುವನು. ಹೊಲ್ಲೆ ಬೊಲ್ಲೆ ಖೈಸ್ ಎಂಬ ಈ ಮಹಾಶಯ ಡಚ್ ಶಿಶುಪ್ರಾಸವೊಂದರಿಂದ ಎದ್ದು ಬಂದವನು. 1959ರಿಂದ ಇಲ್ಲಿ ಉದ್ಯೋಗದಲ್ಲಿರುವವನು. ನಿಜದಲ್ಲಿ ಕಸದ ಬುಟ್ಟಿ. ಆದರೆ ತಮ್ಮ ಕೈಯ ಕಾಗದ ತೀರಿದ ಮೇಲೆ ಮಕ್ಕಳು ನೆಲದಲ್ಲಿ ಬಿದ್ದ ಚೂರುಪಾರುಗಳನ್ನು ಹುಡುಕಿ ತಂದು ಅವನಿಗೆ ಉಣಿಸುವುದನ್ನು ಕಂಡವರಿಗೆ, ‘ಇಲ್ಲಿ ಕಸ ಹಾಕಬೇಡಿ’ ಎಂಬ ಸಾವಿರ ಫಲಕಗಳಿಂದ ಆಗದ ಕೆಲಸ ಒಂದು ಕಥೆಯಿಂದ ಹೇಗೆ ಆಯಿತೆಂಬುದು ಯಾರೂ ವಿವರಿಸದೆಯೇ ತಿಳಿಯುವುದು.

ಎಫ್ಟೆಲಿಂಗ್ ಎಂಬ ಈ ಉದ್ಯಾನ ಯೂರೋಪಿನ ಥೀಮ್ ಪಾರ್ಕುಗಳ ಪೈಕಿ ಹಿರಿಯ ತಲೆಗಳಲ್ಲೊಂದು. ಇದರ ಕಥೆಗಳ ಕಾಡು ಜನಕ್ಕೆ ತೆರೆದದ್ದು 1952ರ ಮೇ 31ರಂದು; ಕ್ಯಾಲಿಫೋರ್ನಿಯದ ಡಿಸ್ನಿಲ್ಯಾಂಡ್ ಹುಟ್ಟಲು ಆಗಿನ್ನೂ ಮೂರು ವರ್ಷ ಉಳಿದಿತ್ತು. ಇಂದು ವರ್ಷಕ್ಕೆ 50 ಲಕ್ಷವನ್ನು ಮೀರಿ ಜನ ಬರುವ ಈ ಸ್ಥಳದ ಆದಿ ಬಹಳ ಸಾಮಾನ್ಯವಾದದ್ದು. ಚರ್ಮ ಹದಮಾಡುವುದರಿಂದಲೂ ಜೋಡು ಹೊಲಿಯುವುದರಿಂದಲೂ ಹೊಟ್ಟೆ ಹೊರೆಯುತ್ತಿದ್ದ ಸೀಮೆ ಅದು. ಅಲ್ಲಿಯ ಯುವಕರಿಗೆ ಆಟದ ಬಯಲೊಂದಿರಲಿ ಎಂದು ಇಬ್ಬರು ಕ್ಯಾಥೊಲಿಕ್ ಪಾದ್ರಿಗಳು 1930ರ ದಶಕದಲ್ಲಿ ಕ್ರೀಡೆಗೂ ಅಡ್ಡಾಟಕ್ಕೂ ಒದಗುವ ತೋಪೊಂದನ್ನು ಮಾಡಿಸಿದರು. ಯುದ್ಧ ಬಂದು ಹೋದ ತರುವಾಯ, 1950ರಲ್ಲಿ, ಊರಿನ ಮೇಯರ್ ಫಾನ್ ಡೆರ್ ಹೈಡೆನ್ ಅವರ ಮುಂದಾಳ್ತನದಲ್ಲಿ ‘ಎಫ್ಟೆಲಿಂಗ್ ನಿಸರ್ಗೋದ್ಯಾನ ಪ್ರತಿಷ್ಠಾನ’ ಸ್ಥಾಪಿತವಾಯಿತು. ಈ ಪ್ರತಿಷ್ಠಾನದ ಮಾತನ್ನು ಓದುಗರು ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕು. ಮುಂದೆ ಹೇಳಲಿರುವುದಕ್ಕೆಲ್ಲ ಅದೇ ಬುಡ.

ಕಾಡಿಗೆ ರೂಪ ಕೊಟ್ಟವರು ಇಬ್ಬರು: ಚಿತ್ರಕಾರ ಆಂಟನ್ ಪೀಕ್ ಮತ್ತು ಯಂತ್ರಚತುರನಾದ ಚಲಚ್ಚಿತ್ರಕಾರ ಪೀಟರ್ ರೈಂಡರ್ಸ್. ಹಳೆಯ ಡಚ್ ಬೀದಿಗಳನ್ನೂ ವಾಲಿದ ಹೆಂಚಿನ ಮಾಡುಗಳನ್ನೂ ಮಮತೆಯಿಂದ ಬರೆಯುತ್ತಿದ್ದ ಪೀಕ್, ತನ್ನ ಚಿತ್ರವನ್ನು ಕಟ್ಟಡವಾಗಿಸುವುದಾದರೆ ಇಟ್ಟಿಗೆ ಇಟ್ಟಿಗೆಯೇ ಆಗಿರಬೇಕು, ಮರ ಮರವೇ ಆಗಿರಬೇಕು, ರಟ್ಟಿನ ಸೋಗು ಕೂಡದು ಎಂಬ ಹಟದವನು. ರೈಂಡರ್ಸ್ ಆ ಇಟ್ಟಿಗೆಯ ಒಳಕ್ಕೆ ಉಸಿರು ಊದಿದನು. ಮೊದಲ ವರ್ಷ ಅಲ್ಲಿದ್ದದ್ದು ಹತ್ತೇ ಕಥೆಗಳು. ಆ ಹತ್ತರಲ್ಲಿ ಒಬ್ಬನಾದ, ಗ್ರಿಮ್ ಸೋದರರ ಸಂಗ್ರಹದಿಂದ ಬಂದ ಉದ್ದಕೊರಳಿನ ಸೇವಕ ಇಂದಿಗೂ ತನ್ನ ಕತ್ತನ್ನು ಮೆಲ್ಲಮೆಲ್ಲನೆ ಮರದ ಕೊಂಬೆಯವರೆಗೆ ಏರಿಸಿ, ಲೋಕ ನೆಟ್ಟಗಿದೆಯೇ ಎಂದು ನೋಡಿದವನಂತೆ ಕ್ಷಣ ನಿಂತು, ಮತ್ತೆ ಹೆಗಲಿನೊಳಕ್ಕೆ ಇಳಿಸಿಕೊಳ್ಳುವನು. ಕೋಟೆಯ ಮೇಲಂತಸ್ತಿನಲ್ಲಿ ನೂರು ವರ್ಷದ ನಿದ್ದೆಯಲ್ಲಿರುವ ರಾಜಕುಮಾರಿಯ ಎದೆ ಸಣ್ಣಗೆ ಏರಿಳಿಯುವುದನ್ನು, ತಾಯಿಯ ಸೊಂಟದಿಂದ ಬಗ್ಗಿ ನೋಡುವ ಕೂಸು ಮೊದಲು ಕಾಣುವುದು. ಹಿರಿಯರಿಗೆ ಅದು ತೋರುವುದು ಆಮೇಲೆ.

ಹೀಗೆ ನಮ್ಮ ಅಡಗೂಲಜ್ಜಿಯ ಕಥೆಗಳನ್ನು ಹೋಲುವ ಕಥೆಗಳ ನೆರಳಿನಲ್ಲಿ ಶಾಂತವಾಗಿದ್ದ ಆ ತೋಪಿಗೆ 1981ರಲ್ಲಿ ಗುಡುಗು ಬಂದಿತು. 29 ಮೀಟರ್ ಎತ್ತರಕ್ಕೆ ಏರಿ, ಎರಡು ಬಾರಿ ಪೂರ್ಣ ಸುತ್ತು ಸುತ್ತಿ, ಎರಡು ಬಾರಿ ತಿರುಪಿನಂತೆ ಹೊರಳುವ ‘ಪೈಥಾನ್’ ಎಂಬ ಉಕ್ಕಿನ ರೋಲರ್ ಕೋಸ್ಟರನ್ನು ಅಲ್ಲಿ ನಿಲ್ಲಿಸಿದಾಗ, ಪೀಕ್ ಕಟ್ಟಿದ ಕನಸಿನೊಳಕ್ಕೆ ಕಾರ್ಖಾನೆ ನುಗ್ಗಿತೆಂದು ಗೊಣಗಿದವರು ಉಂಟು. ಹಾಗೆ ಗೊಣಗಿದವರ ಹದಿಹರೆಯದ ಮಕ್ಕಳೇ ಅದರ ಮುಂದೆ ಸಾಲು ನಿಂತರೆಂಬುದೂ ಉಂಟು. ಆಮೇಲೆ ಬಂದ ತಲೆಮಾರಿನ ವಿನ್ಯಾಸಕಾರರಲ್ಲಿ ಮುಖ್ಯನಾದ ಟೋನ್ ಫಾನ್ ಡೆ ಫೆನ್ ಈ ವಿರಸವನ್ನು ತನ್ನ ಕೃತಿಗಳಿಂದ ಬಗೆಹರಿಸಿದನೆನ್ನಬಹುದು: ದೋಣಿಯಲ್ಲಿ ಕುಳಿತು ಅರಬ್ಬೀ ಪಟ್ಟಣವೊಂದನ್ನು ಹಾಯ್ದು ಹೋಗುವ 1986ರ ಫಾತಾ ಮೊರ್ಗಾನಾ, ಯಕ್ಷಕಿನ್ನರರ ಲೋಕದಲ್ಲಿ ತೂಗಿಕೊಂಡು ತೇಲುವ 1993ರ ‘ಸ್ವಪ್ನಯಾನ’, ಮನೆಯೇ ತಲೆಕೆಳಗಾಯಿತೆಂಬ ಭ್ರಮೆ ಹುಟ್ಟಿಸುವ 1996ರ ವಿಲ್ಲಾ ವೋಲ್ಟಾ, ಇವು ಮೂರರಲ್ಲಿಯೂ ಯಂತ್ರ ಕಥೆಗೆ ಆಳಾಯಿತೇ ಹೊರತು ಒಡೆಯನಾಗಲಿಲ್ಲ.

ಇನ್ನು ಅಭಿಮಾನಿಗಳ ಮಾತು. ಒಂದು ಉದ್ಯಾನಕ್ಕೆ ಬಂದು ಹೋಗುವವನು ಬೇರೆ, ಅದರ ಅಭಿಮಾನಿ ಬೇರೆ. ಬಂದು ಹೋಗುವವನಿಗೆ ಆ ದಿನ ಮಳೆ ಬಾರದೆ, ಸಾಲು ಉದ್ದವಾಗದೆ, ಊಟ ದುಬಾರಿಯಾಗದೆ ಇದ್ದರೆ ಸಾಕು. ಅಭಿಮಾನಿಯಾದವನು, ಸಂಗೀತಕ್ಕೆ ಬಂದ ರಸಿಕ ತಂಬೂರಿಯ ತಂತಿ ಒಂದು ಕೂದಲೆಳೆ ಇಳಿದರೂ ಚಡಪಡಿಸುವಂತೆ, ರಾಜಕುಮಾರಿಯ ಉಸಿರಿನ ಲಯ ತಪ್ಪಿದರೆ ಗುರುತಿಸುವನು; ಗೋಡೆಯ ಬಣ್ಣ ಪೀಕ್‌ನ ಬಣ್ಣವೇ ಹೌದೇ ಎಂದು ಚರ್ಚಿಸುವನು; ಖಾಲಿ ಬಿದ್ದ ಜಾಗವನ್ನು ಕಂಡರೆ ಅಲ್ಲಿ ಏನು ಬರಬೇಕೆಂದು ಮನಸ್ಸಿನಲ್ಲಿಯೇ ನಕ್ಷೆ ಹಾಕುವನು. ಅವನ ಹಾರೈಕೆಗಳನ್ನು ಒಂದೆಡೆ ಕೂಡಿಸಿ ನೋಡಿದರೆ ಅವು ಮೂರು ಬಗೆಯವು. ಹೊಸದೊಂದು ಬರಲಿ ಎಂಬುದು ಮೊದಲನೆಯದು. ಇರುವುದನ್ನು ಕೆಡದಂತೆ ಕಾಯಲಿ ಎಂಬುದು ಎರಡನೆಯದು. ಬಂದ ಹೊಸದು ಹಳೆಯದರ ಮನೆಯ ಮಗುವಾಗಿರಲಿ, ಬೀದಿಯಿಂದ ಕರೆತಂದ ಅಪರಿಚಿತನಾಗದಿರಲಿ ಎಂಬುದು ಮೂರನೆಯದು. ಮೊದಲನೆಯದಕ್ಕೆ ಹಣ ಸಾಕು. ಎರಡನೆಯದಕ್ಕೆ ಹಣದೊಡನೆ ತಾಳ್ಮೆ ಬೇಕು. ಮೂರನೆಯದಕ್ಕೆ ಇವೆರಡರ ಜೊತೆಗೆ ಅಭಿರುಚಿಯೂ ಬೇಕು.

ಮೊದಲನೆಯ ಆಸೆಗೆ ಎಫ್ಟೆಲಿಂಗ್ ಕೈಬಿಗಿಹಿಡಿದದ್ದಿಲ್ಲ. 2010ರಲ್ಲಿ ಎರಡು ಗಾಡಿಗಳು ಪಂದ್ಯ ಕಟ್ಟಿ ಓಡುವ ಮರದ ಕೋಸ್ಟರ್, 2015ರಲ್ಲಿ ಚಿನ್ನದ ಗಣಿಯ ಬಾವಿಯೊಳಕ್ಕೆ 37.5 ಮೀಟರ್ ನೇರ ಬೀಳುವ ‘ಬ್ಯಾರನ್ 1898’, 2017ರಲ್ಲಿ ಮೂರೂವರೆ ಕೋಟಿ ಯೂರೋ ವೆಚ್ಚದ ‘ಸಿಂಬೋಲಿಕಾ’ ಅರಮನೆ, 2025ರಲ್ಲಿ ಹೆಬ್ಬಾಗಿಲಿನ ಬಳಿಯೇ ಎದ್ದ ಗ್ರ್ಯಾಂಡ್ ಹೋಟೆಲ್, ಹೀಗೆ ಸಾಲಾಗಿ ಬಂದವು. ಕಥೆಗಳ ಕಾಡಿಗೂ ಪಾಲು ತಪ್ಪಲಿಲ್ಲ: 2012ರಲ್ಲಿ ಬೆತ್ತಲೆ ಚಕ್ರವರ್ತಿ, 2016ರಲ್ಲಿ ಪಿನೋಕಿಯೋ, 2019ರಲ್ಲಿ ಆರು ಹಂಸಗಳು ಅಲ್ಲಿಗೆ ಒಕ್ಕಲು ಬಂದರು.

ಎರಡನೆಯ ಆಸೆಗೆ ದೃಷ್ಟಾಂತ ಪೈಥಾನೇ. ಮೂವತ್ತೈದು ವರ್ಷ ದುಡಿದ ಉಕ್ಕಿಗೆ ದಣಿವು ಬಂದಾಗ ಅದನ್ನು ಕಿತ್ತೊಗೆದು ಹೊಸ ಹೆಸರಿನದೊಂದನ್ನು ತರುವುದು ವ್ಯಾಪಾರದ ಜಾಣತನವಾಗುತ್ತಿತ್ತು. ಜಾಹೀರಾತಿಗೆ ಹೊಸ ಹೆಸರೇ ಒಗ್ಗುವುದು. ಉದ್ಯಾನದವರು ಹಾಗೆ ಮಾಡದೆ, ಹಳಿಯ ಬಹುಭಾಗವನ್ನು ಹೊಸದಾಗಿ ಮಾಡಿಸಿ, ಅದೇ ತಿರುವುಗಳಲ್ಲಿ ಅದೇ ಹೆಸರಿನಿಂದ 2018ರಲ್ಲಿ ಮತ್ತೆ ಓಡಿಸಿದರು. ತೇರಿನ ಗಾಲಿ ಬದಲಾದರೂ ತೇರು ಅದೇ ಎಂದು ನಂಬುವ ಜನಕ್ಕೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಭಾಷೆಯಲ್ಲಿ ಇದಕ್ಕೆ ಜೀರ್ಣೋದ್ಧಾರವೆಂಬ ಒಪ್ಪುವ ಮಾತಿದೆ.

ಮೂರನೆಯ ಆಸೆ ಎಲ್ಲಕ್ಕಿಂತ ಕಠಿನವಾದದ್ದು. ಅದರ ಪರೀಕ್ಷೆ ನಡೆದದ್ದು ಭೂತಗಳ ಕೋಟೆಯಲ್ಲಿ. 1978ರಲ್ಲಿ ತೆರೆದ ಆ ಪಾಳುಕೋಟೆಯಲ್ಲಿ ಗಾಡಿಯಿರಲಿಲ್ಲ, ಬೀಳುವುದಿರಲಿಲ್ಲ, ಏಳುವುದಿರಲಿಲ್ಲ. ನೋಡುವವರು ಮಬ್ಬುಗತ್ತಲೆಯಲ್ಲಿ ಸುಮ್ಮನೆ ನಿಂತು ಎದುರಿನ ಸ್ಮಶಾನದತ್ತ ದಿಟ್ಟಿಸುತ್ತಿದ್ದರು. ಸ್ಯಾಂ-ಸಾನ್ಸ್ 1874ರಲ್ಲಿ ರಚಿಸಿದ ‘ದಾನ್ಸ್ ಮಕಾಬ್ರ್’ ಎಂಬ ಮೃತ್ಯುನರ್ತನದ ಸಂಗೀತ ಮೊದಲಾಗುತ್ತಿತ್ತು. ಪಿಟೀಲಿನ ಆ ಕರ್ಕಶ ಸ್ವರಕ್ಕೆ ಗೋರಿಗಳು ಅಲುಗಾಡುತ್ತಿದ್ದವು. ಅಷ್ಟೆ. ಆದರೆ ಆ ಅಷ್ಟೆಯಲ್ಲಿಯೇ ಮೂರು ತಲೆಮಾರಿನ ಮಕ್ಕಳು ಅಪ್ಪನ ಅಂಗಿಯ ತುದಿಯನ್ನು ಬಿಗಿಹಿಡಿದಿದ್ದರು. ಕೋಟೆ ಮುದಿಯಾಯಿತು, ಹೊಸ ಕಾಲದ ಮಕ್ಕಳು ನಡುವೆಯೇ ಹೊರಡತೊಡಗಿದರು. 2022ರ ಸೆಪ್ಟೆಂಬರಿನಲ್ಲಿ ಅದನ್ನು ಮುಚ್ಚಿ ಕೆಡವಿದರು. ಇದರಿಂದ ಬೇಗುದಿಗೊಂಡವರ ಪಕ್ಷದಲ್ಲಿಯೂ ನ್ಯಾಯವಿತ್ತು: ದುರಸ್ತಿ ಸಾಧ್ಯವಿದ್ದಲ್ಲಿ ಕೆಡವುವುದೇಕೆ ಎಂಬ ಪ್ರಶ್ನೆ ಭಾವುಕತೆಯೆಂದು ತಳ್ಳಿಹಾಕತಕ್ಕದ್ದಲ್ಲ.

ಎರಡು ವರ್ಷದ ಮೇಲೆ, 2024ರ ಅಕ್ಟೋಬರ್ 31ರಂದು, ಅದೇ ಸ್ಥಳದಲ್ಲಿ ತೆರೆದ ಪಾಳುಮಠಕ್ಕೆ ‘ದಾನ್ಸ್ ಮಕಾಬ್ರ್’ ಎಂದೇ ಹೆಸರಿಟ್ಟರು. ಹಳೆಯ ಕೋಟೆಯ ಸಂಗೀತ ಹೊಸ ಮಠದ ನಾಮಧೇಯವಾಯಿತು. ಅಲ್ಲಿ 108 ಮಂದಿ ಇಗರ್ಜಿಯ ಗಾಯಕರ ಪೀಠದಂಥ ಬೆಂಚುಗಳಲ್ಲಿ ಕುಳಿತಿರಲು, 18 ಮೀಟರ್ ವ್ಯಾಸದ ನೆಲವೇ ಆ ಸಂಗೀತದ ತಾಳಕ್ಕೆ ತಿರುಗುವುದು, ಓಲುವುದು, ಕಾಲಡಿಯಿಂದ ಕುಸಿಯುವುದು. ಮೊದಲು ನೋಟಕರು ನಿಂತು ಸ್ಮಶಾನ ಕುಣಿಯುವುದನ್ನು ನೋಡುತ್ತಿದ್ದರು. ಈಗ ನೋಟಕರನ್ನೇ ಕುಣಿಸುವರು. ಹಳೆಯ ಕೋಟೆಯ ಮೌನವನ್ನು ಇದು ಹಿಂದಿರುಗಿಸಿತೆಂದು ನಾನು ಹೇಳಲಾರೆ. ಆದರೆ ಕೆಡವಿದವರು ತಾವು ಕೆಡವಿದ್ದೇನೆಂಬುದನ್ನು ಬಲ್ಲವರಾಗಿದ್ದರು ಎಂಬುದಕ್ಕೆ ಆ ಪಿಟೀಲಿನ ಸ್ವರವೇ ಸಾಕ್ಷಿ.

ಸುಧಾರಣೆ ಎಂಬುದಕ್ಕೆ ತಿದ್ದುವಿಕೆ ಎಂಬ ಇನ್ನೊಂದು ಅರ್ಥವೂ ಉಂಟು. ನರಭಕ್ಷಕನ ಅಡುಗೆ ಗಡಿಗೆಗಳಲ್ಲಿ ಮಕ್ಕಳನ್ನು ಕೂರಿಸಿ ಗಿರಗಿರನೆ ತಿರುಗಿಸುತ್ತಿದ್ದ, 1988ರ ‘ಮೊಸ್ಯೂ ಕ್ಯಾನಿಬಾಲ್’ ಎಂಬ ಆಟದಲ್ಲಿ ಆಫ್ರಿಕದ ಜನರ ಅಣಕವಿತ್ತು. ಅದನ್ನು 2022ರಲ್ಲಿ ಸಿಂದಬಾದನ ಸಮುದ್ರಯಾನವನ್ನಾಗಿ ಮಾರ್ಪಡಿಸಿ ‘ಸಿರೊಕೊ’ ಎಂದು ಕರೆದರು. ಬಾಲ್ಯದ ನೆನಪನ್ನು ಮುಟ್ಟಬೇಡಿರೆಂದು ವಾದಿಸುವವರು ಎಲ್ಲ ದೇಶದಲ್ಲಿಯೂ ಇರುವರು. ಆದರೆ ಒಂದು ಮಗುವಿನ ನಗೆ ಮತ್ತೊಂದು ಮಗುವಿನ ಅವಮಾನದ ಮೇಲೆ ನಿಂತಿದ್ದರೆ ಆ ನೆನಪನ್ನು ತಿದ್ದುವುದೂ ಪಾಲನೆಯೇ.

ಈಗ ಆ ಪ್ರತಿಷ್ಠಾನದ ಮಾತಿಗೆ ಮರಳೋಣ. ಎಫ್ಟೆಲಿಂಗನ್ನು ನಡೆಸುವ ಕಂಪನಿಯ ಷೇರುಗಳು 1950ರ ಆ ಪ್ರತಿಷ್ಠಾನದ ಕೈಯಲ್ಲಿವೆ. ಡಿವಿಡೆಂಡಿಗೆ ಕೈಚಾಚಿ ನಿಂತ ಖಾಸಗಿ ಷೇರುದಾರರಿಲ್ಲ; ಬಂದ ಲಾಭ ಹಳಿಗೂ ಹಂಸಕ್ಕೂ ಮರಕ್ಕೂ ಮರಳುವುದು. ಇದರ ಬೆಲೆ ತಿಳಿಯಬೇಕಾದರೆ ಅಮೆರಿಕದತ್ತ ಒಮ್ಮೆ ನೋಡಬೇಕು. ಅಲ್ಲಿಯ ಸಿಕ್ಸ್ ಫ್ಲ್ಯಾಗ್ಸ್ ಮತ್ತು ಸೀಡರ್ ಫೇರ್ ಎಂಬ ಎರಡು ದೊಡ್ಡ ಕಂಪನಿಗಳು 2024ರಲ್ಲಿ ಒಂದಾದಾಗ, ಇನ್ನು ನಮ್ಮೂರ ಪಾರ್ಕಿಗೆ ಬಂಡವಾಳ ಹರಿಯುವುದೆಂದು ಬಹಳ ಮಂದಿ ಆಸೆಪಟ್ಟರು. ಮರುವರ್ಷ ನವೆಂಬರಿನಲ್ಲಿ ಮೇರಿಲ್ಯಾಂಡಿನ ಸಿಕ್ಸ್ ಫ್ಲ್ಯಾಗ್ಸ್ ಅಮೆರಿಕ ಉದ್ಯಾನ ಬಾಗಿಲು ಹಾಕಿತು, ನೆಲ ಮಾರಾಟಕ್ಕೆ ನಿಂತಿತು. ಕಂಪನಿಯ ದೃಷ್ಟಿಯಿಂದ ಅದು ಲೆಕ್ಕದ ತೀರ್ಮಾನ. ಹದಿನಾರನೆಯ ವಯಸ್ಸಿನಲ್ಲಿ ಅಲ್ಲಿ ಮೊದಲ ಬಾರಿಗೆ ಕಿರುಚಿದವನ ದೃಷ್ಟಿಯಿಂದ ಊರೇ ಮುಳುಗಿದಂತೆ.

ಪ್ರತಿಷ್ಠಾನವೊಂದಿದ್ದರೆ ಎಲ್ಲವೂ ಸುಗಮವೆಂದು ಇದರ ಅರ್ಥವಲ್ಲ. ಎಫ್ಟೆಲಿಂಗ್ ಬೆಳೆದಷ್ಟೂ ಸುತ್ತಲಿನ ಹಳ್ಳಿಯವರಿಗೆ ವಾಹನಗಳ ಸಂದಣಿ ಹೆಚ್ಚಿದೆ. 2010ರಿಂದ ವರ್ಷದ ಎಲ್ಲ ದಿನವೂ ಬಾಗಿಲು ತೆರೆದಿರುವುದರಿಂದ ಯಂತ್ರಗಳಿಗೂ ತೋಟದ ಹಾದಿಗಳಿಗೂ ಚಳಿಗಾಲದ ನಿದ್ದೆ ತಪ್ಪಿದೆ. ಹೋಟೆಲು ಏರಿದಂತೆ ಒಂದು ದಿನದ ವಿಹಾರ ಸಾಮಾನ್ಯ ಸಂಸಾರದ ಕೈಗೆ ಎಟುಕೀತೇ ಎಂಬ ಶಂಕೆಯೂ ಸಹಜ. ಇಂಥ ಶಂಕೆಗಳನ್ನು ಕೇಳಿಸಿಕೊಳ್ಳುವ ಕಿವಿ ಇದ್ದರೆ ಅಭಿಮಾನಿಯ ಗೊಣಗಾಟವೂ ಉದ್ಯಾನದ ಆಸ್ತಿಯೇ ಆಗುವುದು.

ಆದುದರಿಂದ ಯಾವ ಊರಿನ ಉದ್ಯಾನದ ವಿಷಯದಲ್ಲಿಯಾದರೂ ಹೊಸ ಆಟಗಳ ಪಟ್ಟಿ ಹಿಡಿದು ಆಸೆಪಡುವ ಓದುಗರಲ್ಲಿ ನನ್ನ ವಿನಂತಿ ಒಂದೇ: ಎಷ್ಟು ಎತ್ತರದ ಕೋಸ್ಟರ್ ಬರುವುದೆಂದು ಕೇಳುವ ಮೊದಲು, ನೀವು ಕೊಟ್ಟ ಟಿಕೆಟ್ಟಿನ ಹಣ ಎಲ್ಲಿಗೆ ಹೋಗುವುದೆಂದು ಕೇಳಿರಿ. ತೋಟದ ಫಸಲು ತೋಟದ ಬುಡಕ್ಕೇ ಗೊಬ್ಬರವಾಗಿ ಬೀಳುವ ಏರ್ಪಾಡು ಇದ್ದರೆ ಮಿಕ್ಕದ್ದು ತಡವಾಗಿಯಾದರೂ ಬರುವುದು; ಇಲ್ಲದಿದ್ದರೆ ಬಂದದ್ದೂ ಉಳಿಯದು.