ಅಂಗಳದ ಕ್ಯಾಮರಾ ನಿಮ್ಮದು, ಪಕ್ಕದ ಬಚ್ಚಲು ನಿಮ್ಮದಲ್ಲ!

ಸುಳ್ಯ: ಹಿಂದೆ ಅಂಗಳದಲ್ಲಿ ಹರವಿದ ಅಡಿಕೆಗೆ ನಾಯಿಯೇ ಕಾವಲು. ಅದು ಬೊಗಳಿದರೆ ಯಜಮಾನರು ಟಾರ್ಚು ಹಿಡಿದು ಹೊರಗೆ ಬರುತ್ತಿದ್ದರು. ಈಗ ನಾಯಿಯೂ ಉಂಟು, ಕಂಬದ ಮೇಲೆ ಕ್ಯಾಮರಾವೂ ಉಂಟು. ನಾಯಿ ಕಂಡದ್ದನ್ನು ಊರಿಗೆ ಹೇಳುವುದಿಲ್ಲ, ಕ್ಯಾಮರಾ ಹೇಳುತ್ತದೆ. ತಕರಾರು ಶುರುವಾಗುವುದೇ ಅಲ್ಲಿ.

ಪಯಸ್ವಿನಿ ದಾಟಿ ಅಜ್ಜಾವರ, ಮಂಡೆಕೋಲು ಕಡೆಗೆ ಹೋದರೆ ಅಡಿಕೆ, ರಬ್ಬರು, ಕಾಡು; ಅದರಾಚೆ ಕೇರಳ. ಕಳ್ಳರ ಭಯ ಒಂದಾದರೆ ಆನೆಯ ಭಯ ಇನ್ನೊಂದು. 2023ರ ಏಪ್ರಿಲಿನಲ್ಲಿ ಎರಡು ಮರಿ ಸೇರಿ ನಾಲ್ಕು ಕಾಡಾನೆಗಳು ಅಜ್ಜಾವರದ ತೋಟವೊಂದರ ಕೆರೆಗೇ ಬಿದ್ದಿದ್ದವು. ಅರಣ್ಯ ಇಲಾಖೆಯವರೂ ಊರವರೂ ಸೇರಿ ದಡ ಹತ್ತಿಸಿದರು. ಇಂಥ ಕಡೆ ರಾತ್ರಿ ತೋಟ ಸುತ್ತಿ ಬಾ ಎಂದರೆ ಯಾರು ಹೋದಾರು? ಕ್ಯಾಮರಾ ಬೇಡ ಎನ್ನುವ ಹಾಗಿಲ್ಲ.

ಸ್ವಂತ ಜಾಗದಲ್ಲಿ ಕ್ಯಾಮರಾ ಇಡಲು ಕಾನೂನಿನ ಅಡ್ಡಿಯೂ ಇಲ್ಲ. ಅದರ ಮುಖ ಎತ್ತ ತಿರುಗಿದೆ ಎಂಬುದೇ ಪ್ರಶ್ನೆ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ತೀರ್ಪಿತ್ತರು. ಆ ಕೇಸು ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಕೋಲ್ಕತ್ತಾದಲ್ಲಿ ಒಂದೇ ಮನೆಯ ಪಾಲುದಾರ ಅಣ್ಣತಮ್ಮಂದಿರ ಜಗಳವೂ ಕೋರ್ಟು ಹತ್ತಿತು. ಇನ್ನೊಬ್ಬ ಪಾಲುದಾರನ ಒಪ್ಪಿಗೆ ಇಲ್ಲದೆ ವಾಸದ ಭಾಗದೊಳಗೆ ಕ್ಯಾಮರಾ ಓಡಿಸುವಂತಿಲ್ಲ ಎಂದಿತು ಅಲ್ಲಿನ ಹೈಕೋರ್ಟು. 2025ರಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ಕೈ ಹಾಕಲಿಲ್ಲ. ಪಾಲಾಗದ ತರವಾಡು ಮನೆಯವರು ನೆನಪಿಡಬೇಕಾದ ಮಾತು ಇದು.

ಇನ್ನು ಕೆಲಸದ ಹೆಂಗಸರು ಬಟ್ಟೆ ಬದಲಿಸುವ ಶೆಡ್ಡು, ಶೌಚಾಲಯ, ನೆರೆಮನೆಯ ಬಚ್ಚಲು. ಕ್ಯಾಮರಾ ಅತ್ತ ನೋಡಿದರೆ ಅದು ಬರೀ ನೆರೆಕರೆಯ ಜಗಳವಲ್ಲ. ಖಾಸಗಿ ಹೊತ್ತಿನಲ್ಲಿ ಹೆಂಗಸಿನ ಚಿತ್ರ ತೆಗೆದರೆ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಪ್ರಕಾರ ಮೊದಲ ಸಲಕ್ಕೇ ಒಂದರಿಂದ ಮೂರು ವರ್ಷ ಜೈಲು, ಮೇಲೆ ದಂಡ. ‘ಅಡಿಕೆ ಕಾಯಲಿಕ್ಕೆ ಇಟ್ಟದ್ದು ಮಾರಾಯ್ರೆ’ ಎಂದರೆ ಪೊಲೀಸರು ಕ್ಯಾಮರಾದ ಕೋನವನ್ನು ನೋಡದೆ ಬಿಡುವುದಿಲ್ಲ.

ಹಲವರು ಎಡವುವುದು ವಾಟ್ಸಾಪಿನಲ್ಲಿ. ಅಂಗಳಕ್ಕೆ ಬಂದವನೊಬ್ಬನ ಚಿತ್ರ ಸಿಕ್ಕಿತು, ‘ಇವನೇ ಕಳ್ಳ’ ಎಂದು ಗ್ರೂಪಿಗೆ ಹಾಕಿಯಾಯಿತು. ಆಮೇಲೆ ನೋಡಿದರೆ ಅವನು ದಾರಿ ಕೇಳಲು ಬಂದವ! ಇದು ಮಾನನಷ್ಟಕ್ಕೆ ದಾರಿ. ಅದೇ ಸಂಹಿತೆಯ 356ನೇ ಕಲಂನಲ್ಲಿ ಎರಡು ವರ್ಷದ ತನಕ ಸಜೆ ಉಂಟು. ಚಿತ್ರ ಠಾಣೆಗೆ ಕೊಡಿ, ಗ್ರೂಪಿಗೆ ಬೇಡ.

ಠಾಣೆಗೆ ಕೊಡುವುದಕ್ಕೂ ಕ್ರಮ ಉಂಟು. ಯಂತ್ರದ ಜಾಗ ತುಂಬಿದಾಗ ಹಳೆ ಚಿತ್ರದ ಮೇಲೆ ಹೊಸತು ಬಂದು ಕೂರುತ್ತದೆ. ಕಳವಾದ ದಿನವೇ ಪ್ರತಿ ತೆಗೆದಿಡಬೇಕು, ಮೂಲ ಯಂತ್ರವನ್ನು ಮುಟ್ಟದೆ ಹಾಗೇ ಇಡಬೇಕು. ಆ ಪ್ರತಿ ಕೋರ್ಟಿನಲ್ಲಿ ನಿಲ್ಲಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಕೇಳುವ ಪ್ರಮಾಣಪತ್ರ ಜೊತೆಗಿರಬೇಕು. ಅದಕ್ಕೆ ಯಂತ್ರ ನೋಡಿಕೊಳ್ಳುವವರ ರುಜುವೂ ಬೇಕು, ಪರಿಣತರ ರುಜುವೂ ಬೇಕು.

2023ರ ವೈಯಕ್ತಿಕ ದತ್ತಾಂಶ ಕಾಯ್ದೆ ಮನೆಬಳಕೆಗೆ ವಿನಾಯಿತಿ ಕೊಟ್ಟಿರುವುದು ನಿಜ. ಆದರೆ ಹತ್ತಾರು ಜನರನ್ನಿಟ್ಟು ವ್ಯವಹಾರ ಮಾಡುವ ತೋಟದವರು ಅದು ತಮಗೂ ಉಂಟೆಂದು ಗಟ್ಟಿ ನಂಬಿ ಕೂರುವುದು ಬೇಡ. ‘ಇಲ್ಲಿ ಕ್ಯಾಮರಾ ಇದೆ’ ಎಂಬ ಬೋರ್ಡಿಗೆ ಎಷ್ಟು ಖರ್ಚು? ಕೆಲಸದವರಿಗೆ ಬಾಯಿಮಾತಿನಲ್ಲಿ ಹೇಳಲು ಅದೂ ಇಲ್ಲ.

ಕ್ಯಾಮರಾ ಹಾಕಿಸಿದ ದಿನ ಪಕ್ಕದ ಮನೆಯವರನ್ನು ಕರೆಯಿರಿ. ಒಂದು ಲೋಟ ಚಾ ಕೊಟ್ಟು, ಏನೆಲ್ಲ ಕಾಣುತ್ತದೆ ಎಂದು ಮೊಬೈಲಿನಲ್ಲಿ ತೋರಿಸಿ. ಅವರ ಅಂಗಳ ಕಂಡರೆ ಅಲ್ಲೇ ತಿರುಗಿಸಿಬಿಡಿ. ನಾಳೆ ಕಳ್ಳ ಬಂದಾಗ ಮೊದಲು ಓಡಿ ಬರುವವರು ಅವರೇ.