ಬಿತ್ತನೆಗೆ ಮುನ್ನ ಒಂದು ರಾತ್ರಿ

ಕೆನ್ಯಾದ ಪಶ್ಚಿಮಕ್ಕೆ, ವಿಕ್ಟೋರಿಯಾ ಸರೋವರದ ದಂಡೆಯಲ್ಲಿ ಲುವೋ ಜನರ ಊರುಗಳಿವೆ. ಕುಲದ ಕಟ್ಟಳೆ ಮುರಿದರೆ ‘ಚಿರಾ’ ತಗಲುತ್ತದೆ ಎಂಬುದು ಅವರ ಹಳೆಯ ನಂಬಿಕೆ. ಚಿರಾ ತಗಲಿದವನು ದಿನೇ ದಿನೇ ಸೊರಗಿ ಎಲುಬಿನ ಹಂದರವಾಗುತ್ತಾನೆ, ಯಾವ ಮದ್ದೂ ನಾಟುವುದಿಲ್ಲ. 1980ರ ದಶಕದಲ್ಲಿ ಏಡ್ಸ್ ಕೆನ್ಯಾಕ್ಕೆ ಕಾಲಿಟ್ಟಾಗ ಈ ಹಳ್ಳಿಗಳಲ್ಲಿ ಜನ ಹೀಗೆಯೇ ಸೊರಗಿ ಸಾಯತೊಡಗಿದರು. ಹಲವರು ಅದನ್ನು ಚಿರಾ ಎಂದೇ ತಿಳಿದರು. ಯಾರೋ ಕಟ್ಟಳೆ ತಪ್ಪಿದ್ದಾರೆ, ಇನ್ನು ಮುಂದೆ ಬಿಗಿಯಾಗಿ ಪಾಲಿಸಬೇಕು ಅಂದುಕೊಂಡರು. ಆ ಕಟ್ಟಳೆಗಳಲ್ಲೇ ಒಂದು ವೈರಸ್‌ಗೆ ದಾರಿ ಬಿಟ್ಟುಕೊಡುವಂಥದ್ದಾಗಿತ್ತು.

ಅದು ‘ತೆರೊ’. ಗಂಡ ತೀರಿಕೊಂಡರೆ ಅವನ ತಮ್ಮನೋ ದಾಯಾದಿಯೋ ವಿಧವೆಯನ್ನು ವಹಿಸಿಕೊಳ್ಳಬೇಕು, ಅವಳೊಡನೆ ಒಂದು ರಾತ್ರಿಯಾದರೂ ಕೂಡಬೇಕು. ಅದಾಗುವ ತನಕ ಅವಳು ಹೊಲ ಬಿತ್ತುವಂತಿಲ್ಲ, ಸೋರುವ ಮಾಡಿಗೆ ಹೊಸ ಹುಲ್ಲು ಹೊದಿಸುವಂತಿಲ್ಲ, ಬೆಳೆದ ಮಗ ತನ್ನ ಗುಡಿಸಲು ಕಟ್ಟಿಕೊಳ್ಳುವಂತಿಲ್ಲ. ಮಳೆ ಬಿದ್ದು ನೆರೆಯವರೆಲ್ಲ ಮೆಕ್ಕೆಜೋಳ ಊರುತ್ತಿರುವಾಗ ಅವಳ ನೆಲ ಬೀಳು. ಕಾಂಡೋಮ್ ಬಳಸಿದರೆ ಆಚಾರ ಕೂಡಿಬರಲಿಲ್ಲವೆಂದೇ ಲೆಕ್ಕ.

ದೂರದಲ್ಲಿ ಕೂತು ಓದುವ ನಮಗೆ ಇದು ಬರೀ ಕ್ರೌರ್ಯವಾಗಿ ಕಾಣುತ್ತದೆ. ಆದರೆ ಪಿಂಚಣಿ, ವಿಮೆ ಏನೂ ಇಲ್ಲದ ಕಾಲದಲ್ಲಿ ವಿಧವೆಗೂ ಅವಳ ಮಕ್ಕಳಿಗೂ ಅನ್ನ, ಜಮೀನು, ಕುಲದ ಆಸರೆ ಸಿಗುತ್ತಿದ್ದುದು ಇದರಿಂದಲೇ. ಅವಳಿಗೆ ಆಯ್ಕೆ ಎಷ್ಟಿತ್ತು ಎಂಬ ಪ್ರಶ್ನೆ ಬೇರೆ. ಏಡ್ಸ್ ಹಬ್ಬಿದಾಗ ಮೈದುನಂದಿರು ಹೆದರಿ ಹಿಂದೆ ಸರಿದರು. ಸಾಕುವ ಹೊಣೆಯೂ ಅವರೊಂದಿಗೇ ಹೋಯಿತು, ಚಿರಾದ ಭಯ ಮಾತ್ರ ಹಾಗೇ ಇತ್ತು. ಆಗ ದುಡ್ಡಿಗೋ ಊಟ-ಹೆಂಡಕ್ಕೋ ಈ ಆಚಾರ ಮುಗಿಸಿಕೊಡುವ ಹೊರಗಿನ ಗಂಡಸರು ಬಂದರು.

ಸೋಂಕಿನ ಲೆಕ್ಕಾಚಾರ ಬದಲಾಗಿದ್ದು ಇಲ್ಲಿ. ಎಚ್‌ಐವಿ ಹರಡುವ ವೇಗವನ್ನು ನಿರ್ಧರಿಸುವುದು ಎಷ್ಟು ಜನ ಕೂಡುತ್ತಾರೆ ಎಂಬುದೊಂದೇ ಅಲ್ಲ, ಯಾರು ಯಾರ ನಡುವೆ ಕೊಂಡಿಯಾಗುತ್ತಾರೆ ಎಂಬುದು ಕೂಡ. ಔಷಧವಿಲ್ಲದೆ ಏಡ್ಸ್‌ನಿಂದ ಸತ್ತವನ ಹೆಂಡತಿಯ ರಕ್ತದಲ್ಲೂ ವೈರಸ್ ಇರುವ ಸಂಭವ ಹೆಚ್ಚು. ಮೈದುನ ಅವಳನ್ನು ವಹಿಸಿಕೊಂಡರೆ ಅಪಾಯ ಬಹುಮಟ್ಟಿಗೆ ಆ ಒಂದೆರಡು ಮನೆಗಳದ್ದು. ಊರೂರು ತಿರುಗಿ ವಿಧವೆಯರನ್ನು ಒಬ್ಬರಾದ ಮೇಲೊಬ್ಬರಂತೆ ‘ಶುದ್ಧಿ’ ಮಾಡುವ ಕೂಲಿಯವನಾದರೋ ಒಂದಕ್ಕೊಂದು ಸಂಬಂಧವೇ ಇಲ್ಲದ ಮನೆಗಳನ್ನು ಬೆಸೆದುಬಿಡುತ್ತಾನೆ. ಲುವೋ ನಾಡಿನ ಆಗಿನ ಬೊಂಡೊ ಜಿಲ್ಲೆಯಲ್ಲಿ ಸುಮಾರು 2000 ವಿಧವೆಯರನ್ನು ಪರೀಕ್ಷಿಸಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ. 63ರಷ್ಟು ಮಂದಿಗೆ ಎಚ್‌ಐವಿ ಇತ್ತು. ಆಚಾರಕ್ಕಾಗಿ ಹೊರಗಿನವನನ್ನು ಕರೆಸಿಕೊಂಡವರಲ್ಲಿ ಸೋಂಕು ಇನ್ನೂ ಹೆಚ್ಚು. ಬೇರು ಕಳೆದುಕೊಂಡ ಸಂಪ್ರದಾಯ ಮೂಲ ಸಂಪ್ರದಾಯಕ್ಕಿಂತ ಅಪಾಯಕಾರಿಯಾಯಿತು ಎಂದು ಈ ಅಂಕಿಗಳನ್ನು ನಾನು ಓದಿಕೊಳ್ಳುತ್ತೇನೆ.

ಕೆಲವು ಕಡೆ ಜನರೇ ಉಪಾಯ ಕಂಡುಕೊಂಡರು. ವಹಿಸಿಕೊಳ್ಳುವವನ ಕೋಟನ್ನು ವಿಧವೆಯ ಮನೆಯಲ್ಲಿ ತೂಗುಹಾಕಿದರೆ ಸಾಕು, ತೆರೊ ಮುಗಿದಂತೆ. ಕೋಟಿನಿಂದ ವೈರಸ್ ಬರುವುದಿಲ್ಲ! ಹೊಲವೂ ಬಿತ್ತನೆಯಾಗುತ್ತದೆ.

ವಿಪರ್ಯಾಸವೆಂದರೆ, ಲುವೋಗಳಿಗೆ ಕಂಟಕವಾದದ್ದು ಇದ್ದ ಸಂಪ್ರದಾಯವಷ್ಟೇ ಅಲ್ಲ, ಇಲ್ಲದ ಸಂಪ್ರದಾಯವೂ ಹೌದು. ಸುತ್ತಲಿನ ಹಲವು ಬುಡಕಟ್ಟುಗಳಲ್ಲಿ ಹುಡುಗರು ಗಂಡಸರಾಗುವುದು ಸುನ್ನತಿಯಿಂದ. ಲುವೋಗಳು ಹಿಂದೆ ಅದರ ಬದಲು ಕೆಳಸಾಲಿನ ಆರು ಹಲ್ಲು ಕೀಳಿಸಿಕೊಳ್ಳುತ್ತಿದ್ದರು. ಶಿಶ್ನದ ಮುಂದೊಗಲಿನ ಒಳಮೈ ತೆಳುವಾಗಿ, ತೇವವಾಗಿರುತ್ತದೆ. ಎಚ್‌ಐವಿ ಹಿಡಿದುಕೊಳ್ಳುವ ರೋಗನಿರೋಧಕ ಜೀವಕೋಶಗಳು ಅಲ್ಲಿ ಚರ್ಮದ ಮೇಲ್ಪದರದ ಹತ್ತಿರವೇ ಇರುತ್ತವೆ. ದಕ್ಷಿಣ ಆಫ್ರಿಕಾದ ಆರೆಂಜ್ ಫಾರ್ಮ್, ಉಗಾಂಡದ ರಕಾಯಿ ಹಾಗೂ ಲುವೋ ನಾಡಿನದೇ ಕಿಸುಮುವಿನಲ್ಲಿ ನಡೆದ ಪ್ರಯೋಗಗಳಲ್ಲಿ, ಸುನ್ನತಿಯಾದ ಗಂಡಸರಿಗೆ ಹೆಣ್ಣಿನಿಂದ ಸೋಂಕು ತಗಲುವ ಸಂಭವ ಸುಮಾರು ಶೇ. 60ರಷ್ಟು ತಗ್ಗಿತು. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸುನ್ನತಿಯನ್ನು ಶಿಫಾರಸು ಮಾಡಿತು.

ಲುವೋ ಹಿರಿಯರು ಮೊದಲು ಒಪ್ಪಲಿಲ್ಲ. ಸುನ್ನತಿಯಾಗದವನು ಗಂಡಸೇ ಅಲ್ಲ ಎಂಬ ನೆರೆಯವರ ಕುಹಕ ಕೇಳಿ ಬೇಸತ್ತವರಿಗೆ ಅವರದೇ ಆಚಾರ ಹಿಡಿಯಿರಿ ಎಂದರೆ ಹೇಗೆ ಹಿತವಾದೀತು? ಇದು ಕುಲದ ವಿಧಿಯಲ್ಲ, ಕ್ಲಿನಿಕ್ಕಿನ ಸಣ್ಣ ಶಸ್ತ್ರಚಿಕಿತ್ಸೆ ಅಷ್ಟೇ ಎಂದು ಆರೋಗ್ಯ ಇಲಾಖೆ ಹೇಳತೊಡಗಿತು. ಲುವೋಗಳ ದೊಡ್ಡ ನಾಯಕ, ಆಗಿನ ಪ್ರಧಾನಿ ರೈಲಾ ಒಡಿಂಗಾ ಬಹಿರಂಗವಾಗಿ ಬೆಂಬಲಿಸಿದರು. ಮುಂದಿನ ವರ್ಷಗಳಲ್ಲಿ ಲಕ್ಷಾಂತರ ಯುವಕರು ಕ್ಲಿನಿಕ್ಕಿಗೆ ಬಂದರು.

ಹೆಂಗಸರಿಗೆ ಇದರಿಂದ ನೇರ ರಕ್ಷಣೆಯಿಲ್ಲ. ಅವರ ಪಾಲಿಗೆ ದೊಡ್ಡ ಬದಲಾವಣೆ ತಂದದ್ದು ವೈರಸ್ಸನ್ನು ಹತ್ತಿಕ್ಕುವ ಮಾತ್ರೆ. ದಿನವೂ ತಪ್ಪದೆ ನುಂಗಿ, ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ಇಳಿದರೆ, ಲೈಂಗಿಕ ಸಂಪರ್ಕದಿಂದ ಅದು ಇನ್ನೊಬ್ಬರಿಗೆ ದಾಟುವುದಿಲ್ಲ. ಜೊತೆಗೆ ಸೊರಗಿದವಳು ಮೈತುಂಬಿಕೊಂಡು ಹೊಲಕ್ಕೂ ಇಳಿಯುತ್ತಾಳೆ. ಆದರೆ ಆ ಹೊಲ ಯಾರದು, ಮೊದಲ ಬೀಜ ಯಾರು ಹಾಕಬೇಕು ಎಂಬುದನ್ನು ಹಲವೆಡೆ ಈಗಲೂ ಗಂಡನ ಮನೆಯವರೇ ತೀರ್ಮಾನಿಸುತ್ತಾರೆ.